ಬಲಗಡೆಯ ಕಿಸೆ

ವಾಡಿ
18 ಮೇ 2021

ಮುತ್ಯಾನಿಗೆ ಶರಣು ಮಾಡಿ ಮೊಮ್ಮಗಳು ಶಿವಗಂಗಾ ಬರೆಯುವುದು.

ನಾವು ಆರಾಮ ಇದ್ದೇವೆ. ಅಪ್ಪನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ನಡೆದೇ ಇದೆ. ಅವನು ಬಂದ ಕೂಡಲೇ ಅವ್ವ ಅಂಗಿ ಚಡ್ಡಿ ಎಲ್ಲ ಬಾಗಿಲ ಹೊರಗೇ ಬಿಸಿನೀರಿಗೆ ಹಾಕುತ್ತಾಳೆ. ನಿನ್ನ ಗುಡ್ಡದ ಊರಿಗೆ ಫೋನು ಹತ್ತುವುದಿಲ್ಲ. "ಮುತ್ಯಾಗ ಎರಡು ಸಾಲು ಬರಿ, ಇಲ್ಲಂದ್ರ ಬಸ್ ಇಲ್ಲದಿದ್ರೂ ನಡಕೋತ ಬಂದುಬಿಡ್ತಾನ" ಎಂದಳು ಅವ್ವ. ಅದಕ್ಕೇ ಈ ಕಾಗದ.

ಕಾಲೇಜು ಹೇಗಿದೆ ಎಂದು ಕೇಳಿದ್ದಿ. ನನ್ನ ಕಾಲೇಜು ನಮ್ಮ ಅಡುಗೆಮನೆಯಲ್ಲಿದೆ, ಜೋಳದ ಡಬ್ಬಿಯ ಪಕ್ಕ. ಅಲ್ಲಿ ಮಾತ್ರ ನೆಟ್‌ವರ್ಕ್ ನಿಲ್ಲುತ್ತದೆ. ಚಳಿಗಾಲದಲ್ಲಿ ಕೆಲವು ದಿನ ರೈಲಿನಲ್ಲಿ ಸೇಡಂಗೆ ಹೋಗಿ, ಮೂಗು ಬಾಯಿ ಕಟ್ಟಿಕೊಂಡು ಬೆಂಚಿಗೊಬ್ಬರಂತೆ ಕೂತು ಬಂದೆವು. ಲ್ಯಾಬಿನ ಬೀಗ ತೆಗೆಯುವಷ್ಟರಲ್ಲಿ ಮತ್ತೆ ಲಾಕ್‌ಡೌನ್. ಬಿಎಸ್ಸಿ ಓದುವ ಹುಡುಗಿ ನಾನು, ಇನ್ನೂ ಒಂದು ಗಾಜಿನ ನಳಿಕೆ ಮುಟ್ಟಿಲ್ಲ.

ಈಗ ಕಾಶೀನಾಥ ಸರ್ ಎಂಬ ಹೊಸ ಗೆಸ್ಟ್ ಲೆಕ್ಚರರ್ ಲ್ಯಾಬಿನಿಂದ ವಿಡಿಯೋ ಕಳಿಸುತ್ತಾರೆ. ಅವರ ಮುಖ ಹೇಗಿದೆಯೋ ನಮಗೆ ಗೊತ್ತಿಲ್ಲ. ಫೋನನ್ನು ಯಾವುದಕ್ಕೋ ಆನಿಸಿ ಇಡುತ್ತಾರೆ. ಕುತ್ತಿಗೆಯಿಂದ ಸೊಂಟದವರೆಗಷ್ಟೇ ಕಾಣುತ್ತಾರೆ. ಒಂದು ದನಿ, ಎರಡು ಕೈ, ಒಂದು ಅಂಗಿ. ಇಷ್ಟೇ ನಮ್ಮ ಸರ್. ಬ್ಯೂರೆಟ್ ಎಂದು ಉದ್ದನೆಯ ಗಾಜಿನ ಕೊಳವೆ ಇರುತ್ತದೆ, ಅದರ ತಳದಲ್ಲಿ ಪುಟ್ಟ ನಲ್ಲಿ. ಬಲಗೈಯಿಂದ ಆ ನಲ್ಲಿ ತಿರುಗಿಸಿ ಹನಿ ಹನಿ ಬಿಡಬೇಕು. ಎಡಗೈಯಲ್ಲಿ ಕೆಳಗಿನ ಫ್ಲಾಸ್ಕನ್ನು ಅಲ್ಲಾಡಿಸುತ್ತಿರಬೇಕು. ನೀರಿನಂಥದ್ದು ಯಾವುದೋ ಒಂದು ಹನಿಗೆ ಗುಲಾಬಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ನಾನು ನೀರಿನ ಫಿಲ್ಟರಿನ ಕೆಳಗೆ ತಂಬಿಗೆ ಹಿಡಿದು ದಿನಾ ರೂಢಿ ಮಾಡುತ್ತೇನೆ. ಎಡಗೈ ಮಾತು ಕೇಳುವುದಿಲ್ಲ, ನೆಲವೆಲ್ಲ ನೀರು. ಅವ್ವ ಬೈಯುತ್ತಾಳೆ.

ಒಂದು ಮಜಾ ಹೇಳುತ್ತೇನೆ. ಸರ್ ಅಂಗಿಗೆ ಕಿಸೆ ಬಲಗಡೆ ಇದೆ! ಪೆನ್ನೂ ಅಲ್ಲೇ. ಚಿತ್ತಾಪುರದ ಗೆಳತಿ ಭಾಗ್ಯ ನಮ್ಮ ಗ್ರೂಪಿನಲ್ಲಿ, ಸರ್ ಇಲ್ಲದ ಗ್ರೂಪಿನಲ್ಲಿ, "ಅಂಗಿ ಹೊಲಿದ ದರ್ಜಿಗೂ ಕರೋನಾ ಆಗಿತ್ತೇನೋ" ಎಂದು ಹಾಕಿದಳು. ಇಡೀ ಕ್ಲಾಸು ನಕ್ಕಿತು. ಅವರು ಪ್ರತಿ ಲೈವ್ ಪಾಠದ ಕೊನೆಗೆ "ಯಾರಿಗರೆ ಡೌಟ್ ಅದಾ? ಹೇಳ್ರಿ" ಎನ್ನುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಯಾರ ಮೈಕೂ ತೆರೆಯುವುದಿಲ್ಲ. ಆಮೇಲೆ ಒಂದು ಕೈ ಬಂದು ಫೋನ್ ಮುಚ್ಚುತ್ತದೆ.

ನಿನ್ನ
ಗಂಗಾ


ಚಿಂಚೋಳಿ ಕಡೀ ಗುಡ್ಡದಿಂದ
4 ಜೂನ್ 2021

ಗಂಗವ್ವಗ ನಿನ್ನ ಮುತ್ಯಾ ಗೊಲ್ಲಾಳಪ್ಪನ ಆಶೀರ್ವಾದ.

ಭಾಳ ಶಾಣ್ಯಾಕಿ ಆಗೀದಿ. ಪುಸ್ತಕದ ಕನ್ನಡದಾಗ ಕಾಗದ ಬರದೀದಿ, ನಾ ಅಂಗಿ ತೊಟ್ಟು, ರುಮಾಲು ಸುತ್ತಿ, ಖುರ್ಚಿ ಮ್ಯಾಲ ಕುಂತು ಓದಬೇಕಾಯ್ತು. ನಾನೂ ಬಿಎಸ್ಸಿನೇ ನೋಡು: ಬಸ್ಸಿನ್ಯಾಗ ಸೀಟಿ ಹೊಡದಾಂವ. ಕಂಡಕ್ಟರ್ ಕೆಲಸದಾಗ ಎಷ್ಟು ಮಂದಿಗಿ ಕಾಲೇಜಿಗಿ ಮುಟ್ಟಿಸೀನಿ, ಲೆಕ್ಕ ಇಲ್ಲ. ಅವರದೆಲ್ಲ ಕಾಲಿಲೆ ಹೋಗೂ ಕಾಲೇಜು. ನಿಂದು ಕೈಯಾಗ ಹಿಡಿಯೂದು, ಅದಕ್ಕ ಕೈಲೇಜು ಅನ್ನು. ಮಾಸ್ಕ್ ಹಾಕ್ಕೊಂಡ ಮಾಸ್ತರಗ ಮಾಸ್ಕ್‌ತರ ಅನ್ನು. ನಮ್ಮೂರಾಗ ನೆಟ್ಟಗ ವರ್ಕ್ ಆಗೂದಿಲ್ಲ, ಅದಕ್ಕ ನೆಟ್‌ವರ್ಕ್ ಅಂತ ಹೆಸರು.

ಬಲಕ್ಕ ಕಿಸೆ ಅಂದ್ಯಲ್ಲ, ಅದನ್ನ ನಮ್ಮ ದರ್ಜಿ ಗನಿಸಾಬಗ ಓದಿ ಹೇಳಿದೆ. ಮಷೀನ್ ನಿಲ್ಲಿಸಿ ಸೆಟದು ಕುಂತ. "ಗೊಲ್ಲಾಳಪ್ಪ, ಯಾ ಹರಾಮಿ ಹೊಲದಾನ ಅದನ್ನ? ಅವನ ಕತ್ತರಿ ಕಸಕೊಂಡ ಬಾ" ಅಂದ. ಅವನ ಹೆಂಡ್ತಿ ಜೈತುನ್ಬೀ ಒಳಗಿಂದ ಅಂದಳು: "ಆ ಮಾಸ್ತರ ಹೆಂಡ್ತಿ ಕುಪ್ಪಸ ತೊಟ್ಟು ಬಂದಿರಬೇಕು, ಪಾಪ, ಕತ್ತಲದಾಗ ಗೊತ್ತಾಗಿಲ್ಲ." ಇಡೀ ಕಟ್ಟಿ ಎರಡು ದಿನ ನಕ್ಕದ. ಇಂಥಾವು ಇನ್ನೂ ಇದ್ರ ಬರಿ. ಟಿವಿ ನೋಡಿದ್ರ ಬರೇ ಹೆಣ.

ನಿನ್ನ ಮುತ್ಯಾ


ವಾಡಿ
20 ಸೆಪ್ಟೆಂಬರ್ 2021

ಮುತ್ಯಾ,

ಶರಣು. ಈಗ ಕಾಲೇಜು ತೆರೆದಿದೆ. ತೆರೆಯದಿದ್ದರೇ ಚೆನ್ನಾಗಿತ್ತು.

ಮೊದಲ ವರ್ಷದ್ದು ಪರೀಕ್ಷೆ ಇಲ್ಲದೆ ನಮ್ಮನ್ನು ಮುಂದಕ್ಕೆ ದೂಡಿದರು. ನಾವೇನು ಕೈಮುಗಿದು ಕೇಳಿದ್ದೆವೇ? ಅಂದಿನಿಂದ ನಮಗೆ ಬೇರೆ ಹೆಸರೇ ಇಲ್ಲ. ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥ, ಎಚ್‌ಓಡಿ ಸಿದ್ಧಲಿಂಗ ಸರ್ ಹಾಜರಿ ಹಾಕುವಾಗ "ಬಂದ್ವೇನು ಕರೋನಾ ಮಾಲು?" ಎನ್ನುತ್ತಾರೆ. ರೈಲಿನಲ್ಲಿ ಎದುರು ಕೂತ ಯಾರೋ ಮುದುಕ ಯಾವ ವರ್ಷ ಓದುತ್ತೀ ಎಂದು ಕೇಳಿದ. ಮೊಮ್ಮಗಳಂತೆ ಮಾತಾಡಿಸುತ್ತಾನೆ ಎಂದು ನಾನೂ ನಕ್ಕು ಉತ್ತರ ಕೊಟ್ಟರೆ, "ಕರೋನಾ ಪಾಸ್ ಅನ್ನು! ಟಿಕೆಟ್ ಅರೆ ತಗೊಂಡೀದಿಯಾ, ಅದೂ ಹಂಗೇನಾ?" ಎಂದ. ಇಡೀ ಡಬ್ಬಿ ನಕ್ಕಿತು. ಭಾಗ್ಯ ಚಿತ್ತಾಪುರದಲ್ಲಿ ಹತ್ತಿದಾಗ ನನ್ನ ಮುಖ ನೋಡಿ "ಯಾರಿಗಿ ಹೊಡೀಬೇಕು ಹೇಳು" ಎಂದು ಕೇಳಿದಳು.

ಇನ್ನು ಲ್ಯಾಬು. ಅಷ್ಟು ದಿನ ಕಾದ ಲ್ಯಾಬು. ನಮ್ಮ ಇಡೀ ಬ್ಯಾಚು ಬಲಗೈಯಲ್ಲಿ ನಲ್ಲಿ ಹಿಡಿಯಿತು, ಎಡಗೈಯಲ್ಲಿ ಫ್ಲಾಸ್ಕು. ನಲ್ಲಿ ಕೈಯಲ್ಲೇ ಕಿತ್ತು ಬಂತು. ಒಬ್ಬರದಲ್ಲ, ಎಲ್ಲರದೂ. ಮೇಜಿನ ತುಂಬ ಸುರಿಯಿತು. ನನ್ನ ಫ್ಲಾಸ್ಕು ಬ್ಯೂರೆಟ್ಟಿನ ಮೂತಿಗೆ ಬಡಿದು ಗಾಜು ಚೂರಾಯಿತು.

"ಎಡಗೈಲೆ ನಲ್ಲಿ ಹಿಡೀಬೇಕು, ಬಲಗೈಲೆ ಅಲುಗಾಡಿಸಬೇಕು! ಇಡೀ ಜಗತ್ತು ಹಂಗ ಮಾಡ್ತದ!" ಎಂದು ಎಚ್‌ಓಡಿ ಕೂಗಿದರು. "ನೀವೆಲ್ಲಾ ಎಡಚರೇನು? ಯಾರು ಕಲಿಸ್ಯಾರ ನಿಮಗ?"

ಕಾಶೀನಾಥ ಸರ್ ಎಂದೆವು. ಅವರು ಈಗ ಬರುತ್ತಿಲ್ಲ. ಗೆಸ್ಟ್ ಲೆಕ್ಚರರ್‌ಗಳನ್ನು ಮತ್ತೆ ತೆಗೆದುಕೊಳ್ಳುವುದು ಇನ್ನೂ ನಡೆದಿದೆಯಂತೆ. "ಹಂಗಾರ ತಪ್ಪು ಕಲಿಸ್ಯಾನ ಅಂತ ಬರಕೊಡ್ರಿ. ಇಲ್ಲಂದ್ರ ಒಡದದ್ದೆಲ್ಲಾ ನಿಮ್ಮ ತಲಿಮ್ಯಾಲ" ಎಂದರು ಎಚ್‌ಓಡಿ. ನನ್ನ ಅಕ್ಷರ ದುಂಡಗಿದೆ, ಕ್ಲಾಸಿನವರೆಲ್ಲ ನೀನೇ ಬರೆ ಎನ್ನುತ್ತಿದ್ದಾರೆ.

ಬರೆಯಲೇ? ಎಷ್ಟು ಸಿಟ್ಟು ಬಂದಿದೆ ಎಂದರೆ ಪೆನ್ನು ಮುರಿಯುತ್ತದೆ. ಬೇಸಿಗೆಯೆಲ್ಲ ಅವ್ವನ ಬೈಗುಳ ತಿಂದು ಕಲಿತದ್ದು ಪೂರಾ ತಪ್ಪು. ಆ ಮನುಷ್ಯನಿಗೆ ಎಡ ಬಲ ಗೊತ್ತಿಲ್ಲದಿದ್ದರೆ ಯಾಕೆ ಕಲಿಸಬೇಕಿತ್ತು?

ಗಂಗಾ


ಚಿಂಚೋಳಿ ಕಡೀ ಗುಡ್ಡದಿಂದ
6 ಅಕ್ಟೋಬರ್ 2021

ಗಂಗವ್ವ,

ಸಿಟ್ಟು ಬಂದದ್ದು ಭೇಷ್ ಆಯ್ತು. ನಿಮ್ಮವ್ವ ಉಮಾದೇವಿಗಿ ಸಿಟ್ಟೇ ಬರೂದಿಲ್ಲ, ನನ್ನ ವಂಶ ಅಲ್ಲಿಗೇ ಮುಗೀತು ಅನ್ಕೊಂಡಿದ್ದೆ.

ಬರಿ. ಅರ್ಜಿ ಬರೀಬೇಕಾದ್ರ ಗರ್ಜಿಸಿ ಬರೀಬೇಕು. ಕೈಲೇಜಿನ ಮಾಸ್ಕ್‌ತರಗ ಕೈನೇ ಗೊತ್ತಿಲ್ಲ ಅಂದ ಮ್ಯಾಲ ಏನು ಮುಲಾಜು? ಕಿಸೆ ಎಲ್ಲಿ ಇರಬೇಕು ಗೊತ್ತಿಲ್ಲದ ಮನಷ್ಯಾ, ನಲ್ಲಿ ಎಲ್ಲಿ ಹಿಡೀಬೇಕು ಹ್ಯಾಂಗ ಗೊತ್ತಾಗಬೇಕು? ನಿಮ್ಮ ಎಚ್‌ಓಡಿ ಅಂಬಾಂವ ಯಾರು? ಕರೋನಾ ಬಂದಾಗ ಹೆಚ್ಚು ಓಡಿದಾಂವನೇನು? ಹೆಸರು ಹಂಗೇ ಅದ.

ರೈಲಿನ ಮುದುಕಗ ಮುಂದಿನ ಸಲ ಹೇಳು: "ಹೌದು ಯಜ್ಜಾ, ನಂದು ಪಾಸ್. ನಿಂದು ಪೂರಾ ಎಕ್ಸ್‌ಪೈರಿ."

ನಿನ್ನ ಮುತ್ಯಾ


ವಾಡಿ
15 ನವೆಂಬರ್ 2021

ಮುತ್ಯಾ,

ಬರೆದುಕೊಟ್ಟೆ. ಮೊದಲ ಸಹಿ ನನ್ನದೇ. ಕಾಶೀನಾಥ ಸರ್ ಅವರನ್ನು ಮತ್ತೆ ತೆಗೆದುಕೊಳ್ಳಲಿಲ್ಲ ಎಂದು ಇವತ್ತು ಗೊತ್ತಾಯಿತು.

ನಮಗಿಟ್ಟ ಹೆಸರು ಮಾತ್ರ ಬದಲಾಗಿಲ್ಲ. ಅರ್ಜಿ ಕೈಗೆ ತೆಗೆದುಕೊಂಡು, "ಮಾಲು ಖರಾಬ್ ಅಂತ ಮಾಲೇ ಬರಕೊಟ್ಟದ ನೋಡ್ರಿ" ಎಂದು ಎಚ್‌ಓಡಿ ಸ್ಟಾಫ್ ರೂಮಿನಲ್ಲಿ ನಕ್ಕರಂತೆ.

ಬರೆಯಲು ಮತ್ತೇನಿಲ್ಲ.

ಗಂಗಾ


ಚಿಂಚೋಳಿ ಕಡೀ ಗುಡ್ಡದಿಂದ
17 ಜನವರಿ 2022

ಗಂಗವ್ವ,

ಸಂಕ್ರಮಣ ಬಂತು, ಹೋಯ್ತು. ನಿನ್ನ ಕಾಗದ ಇಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತು ಆಡೂದು ಬಿಡು, ಕೆಟ್ಟ ಮಾತರೆ ಬರಿ. ಪೋಸ್ಟ್‌ಮ್ಯಾನ್ ಬಂದಾಗೆಲ್ಲಾ ನಾ ಎದ್ದು ನಿಂದರ್ತೀನಿ. ಅಂವ ನನಗ ಬ್ಯಾಂಕಿನವರ ಕಾಗದ ಕೊಟ್ಟು ನಗ್ತಾನ.

ಹುಡುಗುರು ಜರಾ ದುಡುಕ್ತಾರ, ಮರೀತಾರ. ಗಾಜು ಒಡದದ್ದಕ್ಕ ಇಷ್ಟು ಮಾರಿ ಸಣ್ಣ ಮಾಡ್ಕೊಬ್ಯಾಡ. ಆ ಬಲಕಿಸೆ ಮಾಸ್ತರ ಏನಾದ? ಗನಿಸಾಬ ದಿನಾ ಕೇಳ್ತಾನ. ಅಂವಗ ಹೊಸಾ ದರ್ಜಿ ಸಿಕ್ಕನೋ ಇಲ್ಲೋ ಅಂತ.

ನಿನ್ನ ಮುತ್ಯಾ


ವಾಡಿ
12 ಫೆಬ್ರವರಿ 2022

ಮುತ್ಯಾ,

ಈ ಕಾಗದಕ್ಕೆ ನಗುವ ಉತ್ತರ ಬರೆದರೆ ನಾನು ಓದದೆ ಹರಿಯುತ್ತೇನೆ. ಮೊದಲೇ ಹೇಳಿದ್ದೇನೆ.

ಗಾಜು ಒಡೆದದ್ದಕ್ಕೆ ನಾನು ಸುಮ್ಮನಾದೆ ಎಂದುಕೊಂಡೆಯಾ? ಅರ್ಜಿ ಕೊಟ್ಟ ದಿನದಿಂದ ನನಗೆ ಸರಿಬರಲಿಲ್ಲ. ಏನು ಎಂದು ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಹೋದ ವಾರ ಸೇಡಂನಿಂದ ಬಂದು ವಾಡಿ ಸ್ಟೇಷನ್ನಿನಲ್ಲಿ ಇಳಿದೆ. ಚಹಾದಂಗಡಿಯ ಹತ್ತಿರ ಕೂಲಿಯವರ ಒಂದು ಗುಂಪು, ತಲೆಯಿಂದ ಕಾಲಿನವರೆಗೆ ಕಲ್ಲಿನ ಬಿಳಿ ಹುಡಿ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವವರು, ಇಲ್ಲಿ ಕಲ್ಲು ಇಳಿಸಿ ತಿರುಗಿ ಹೊರಟಿದ್ದರು. ಅವರಲ್ಲೊಬ್ಬ, "ಯಾರಿಗರೆ ಇನ್ನೊಂದು ಚಹಾ ಬೇಕಾ? ಹೇಳ್ರಿ" ಎಂದ. ಎಂದು, ಸುಮ್ಮನೆ ಕಾದ.

ಮುತ್ಯಾ, ನಾನು ಅಲ್ಲೇ ನಿಂತೆ. ಆ ದನಿ ಇಡೀ ಬೇಸಿಗೆ ನನ್ನ ಕಿವಿಯಲ್ಲಿತ್ತು. ಮುಖ ನೋಡುವ ಮೊದಲು ನಾನು ಕಿಸೆ ನೋಡಿದೆ. ಹುಡಿ ತುಂಬಿದ ಅಂಗಿ, ಎಡಗಡೆ ಕಿಸೆ, ಅದರಲ್ಲಿ ಪೆನ್ನು. ಎಲ್ಲರಿಗೂ ಇರುವ ಕಡೆಯೇ.

"ಸರ್, ಕಾಶೀನಾಥ ಸರ್ ಅಲ್ಲೇನ್ರಿ?"

"ಹೌದು. ಯಾರವಾ ನೀ?"

"ಶಿವಗಂಗಾ ಸರ್. ಸೇಡಂ. ಕೆಮಿಸ್ಟ್ರಿ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಹಾಂ. ಅರ್ಜಿ ಬರದಾಕಿ. ಅಕ್ಷರ ಭಾಳ ಛಂದ ಅವ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲ. ನನಗೆ ಬಾಯಿಗೆ ಬಂದದ್ದು ಒಂದೇ: "ಸರ್, ವಿಡಿಯೋದಾಗ ನಿಮ್ಮ ಕಿಸೆ ಬಲಕ್ಕಿತ್ರಿ."

ಅವರಿಗೆ ಅರ್ಥವಾಗಲಿಲ್ಲ. ನಾನು ಫೋನ್ ತೆಗೆದು ಹಳೆಯ ವಿಡಿಯೋ ತೋರಿಸಿದೆ. ಅವರು ಒಮ್ಮೆ ನೋಡಿದರು. ತಮ್ಮ ಎಡಗೈ ಎತ್ತಿ ನೋಡಿಕೊಂಡರು, ಮತ್ತೆ ಫೋನ್ ನೋಡಿದರು. ಮುಂದಿನ ಕ್ಯಾಮೆರಾದಲ್ಲಿ ಚಿತ್ರ ಕನ್ನಡಿಯಂತೆ ತಿರುಗಿಬಿಟ್ಟಿತ್ತು, ಮುತ್ಯಾ. ಅವರು ಎಡಗೈಯಿಂದಲೇ ನಲ್ಲಿ ಹಿಡಿದಿದ್ದರು. ಸರಿಯಾಗಿಯೇ ಕಲಿಸಿದ್ದರು. ನಮಗೆ ಬಲಗೈಯಾಗಿ ಕಂಡಿತು. ಮೇಜಿನ ಮೇಲಿನ ಬಾಟಲಿಗಳ ಅಕ್ಷರ ಉಲ್ಟಾ ಇದ್ದದ್ದು ನೋಡಿದ್ದರೆ ಗೊತ್ತಾಗುತ್ತಿತ್ತು. ಡಾಟಾ ಉಳಿಸಲು ನಾವು ನೋಡುತ್ತಿದ್ದ ಮಸುಕು ವಿಡಿಯೋದಲ್ಲಿ ಅಕ್ಷರ ಎಲ್ಲಿ ಕಾಣಬೇಕು? ಕಂಡದ್ದು ಕಿಸೆ ಒಂದೇ.

"ಕಿಸೆ ಬಲಕ್ಕದ ಅಂತ ನಿಮಗ ಯಾವಾಗ ಗೊತ್ತಾಯ್ತು?"

"ಮೊದಲನೇ ವಿಡಿಯೋದಾಗೇ ಸರ್."

"ಗೊತ್ತಾಗಿ ಏನ್ ಮಾಡಿದ್ರಿ?"

"ನಕ್ಕೆವು ಸರ್" ಎಂದೆ.

ಆಗ ಬಂತು ಅವರಿಗೆ ಸಿಟ್ಟು. ಪ್ಲಾಟ್‌ಫಾರಂ ಮಂದಿ ತಿರುಗಿ ನೋಡುವಂಥ ಸಿಟ್ಟು. "ಕೊರಳಾಗ ಐಡಿ ಕಾರ್ಡ್ ಇದ್ದರೂ ಪೊಲೀಸ್ರು ಚೌಕಿನ್ಯಾಗ ನನಗ ಬಸ್ಕಿ ಹೊಡಸ್ಯಾರ. ಆದರೂ ಹೋಗಿ ಲ್ಯಾಬ್ ತೆಗದು, ಬಾಟಲಿಗಿ ಫೋನ್ ಆನಿಸಿ, ಒಬ್ಬನೇ ನಿಂತು ಕಲಿಸೀನಿ. ಪ್ರತಿ ಸಲ ಕೇಳೀನಿ ಇಲ್ಲೋ? ಡೌಟ್ ಅದಾ, ಹೇಳ್ರಿ, ಅಂತ ಕೇಳೀನಿ ಇಲ್ಲೋ? ಒಬ್ಬರರೆ, 'ಸರ್, ನಿಮ್ಮ ಅಂಗಿ ಉಲ್ಟಾ ಕಾಣ್ಲಿಕತ್ತದ' ಅಂದಿದ್ರ ಫೋನಿನ್ಯಾಗ ಒಂದು ಕಡೆ ಒತ್ತಿ ಸರಿ ಮಾಡ್ತಿದ್ದೆ. ಗೋಡಿಗಿ ಪಾಠ ಮಾಡಿದ್ರ ಗೋಡಿ ಅರ್ಜಿ ಬರೀತಿರಲಿಲ್ಲ!"

ಕಲಬುರ್ಗಿ ಕಡೆಯ ಗಾಡಿ ಬಂತು. ಹತ್ತಿಹೋದರು.

ಮರುದಿನ ನಾನು ಎಚ್‌ಓಡಿ ಹತ್ತಿರ ಹೋಗಿ ವಿಡಿಯೋ ತೋರಿಸಿ, ಅರ್ಜಿ ತಪ್ಪು, ವಾಪಸ್ ಕೊಡಿ ಎಂದೆ. ಅವರು ನೋಡಲೂ ಇಲ್ಲ. "ಬರದಾಕಿ ನೀನೇ, ಅಳಿಸಾಕಿ ನೀನೇ? ಕನ್ನಡಿ ನೋಡಿ ಕಲತ ಮಾಲು! ಪ್ರಾಕ್ಟಿಕಲ್ ಪರೀಕ್ಷಾ ಬರ್ಲಿಕತ್ತದ, ಹೊರಗಿನ ಎಕ್ಸಾಮಿನರ್ ಮುಂದ ಮಾನ ಕಳೀಬ್ಯಾಡ್ರಿ. ಎಡಗೈ ನಲ್ಲಿಗಿ, ಬಲಗೈ ಫ್ಲಾಸ್ಕಿಗಿ. ಯಾರು ತಪ್ಪಿಸ್ತಾರ ಅವರು ಫೇಲ್" ಎಂದರು. ಆ ಬೇಸಿಗೆಯಲ್ಲಿ ಈ ಮನುಷ್ಯ ನಮಗೆ ಕಳಿಸಿದ್ದು ಏನು ಗೊತ್ತೇ? ಪುಸ್ತಕದ ಪುಟದ ಫೋಟೋ. ಅದೂ ಅಡ್ಡಡ್ಡ. ನೀನು ನಗಲು ಬರೆದೆ, ಹೆಚ್ಚು ಓಡಿದವನೇನು ಎಂದು. ಖರೇನೇ ಆತ ಓಡಿದ್ದ ಮುತ್ಯಾ. ಓಡದೆ ನಿಂತವನು ಕಲ್ಲು ಹೊರುತ್ತಿದ್ದಾನೆ. ಹೊರಿಸಿದವಳು ನಾನು.

ನಿನ್ನ ಮೇಲೂ ಸಿಟ್ಟಿದೆ. ನಾನು ಕಿಸೆಯ ಸುದ್ದಿ ಬರೆದದ್ದು ನಿನಗೆ. ಡ್ರೈವರನ ಕನ್ನಡಿಯಲ್ಲಿ ಮೀಸೆ ತಿರುವುತ್ತ ಬದುಕಿದವನು ನೀನು. ಕಟ್ಟೆಯ ಮೇಲೆ ಕೂತು ಎರಡು ದಿನ ನಕ್ಕೆಯಲ್ಲ, ಒಬ್ಬರಿಗಾದರೂ ಹೊಳೆಯಲಿಲ್ಲವೇ? "ಗರ್ಜಿಸಿ ಬರಿ" ಎಂದೆ ನೀನು. ಗರ್ಜಿಸಿದೆ. ಯಾರ ಮೇಲೆ?

ಶಿವಗಂಗಾ


ಚಿಂಚೋಳಿ ಕಡೀ ಗುಡ್ಡದಿಂದ
3 ಮಾರ್ಚ್ 2022

ಗಂಗವ್ವ,

ನಿನ್ನ ಕಾಗದ ಕಟ್ಟಿಮ್ಯಾಲ ಓದಲಿಲ್ಲ.

ಗನಿಸಾಬಗ ಒಂದು ಅಂಗಿ ಹೊಲಿ ಅಂದೆ. ಬಲಕ್ಕ ಕಿಸೆ, ಗುಂಡಿನೂ ಉಲ್ಟಾ. ಅಂವ ಟೇಪು ಕೊರಳಿಂದ ತೆಗದು ಒಗದ. "ನಾ ಹೊಲಿಯೂದಿಲ್ಲ. ಊರ ಮಂದಿ ನಗಬೇಕೇನು ನನಗ?" "ಹೊಲಿ ಸಾಬ, ಇದು ನಗಾಕ ಅಲ್ಲ" ಅಂದೆ. ಅಂವ ನಂಬಲಿಲ್ಲ. ನನ್ನ ಮಾತು ಯಾರು ನಂಬ್ತಾರ, ಇಷ್ಟು ವರ್ಷ ಬರೇ ಮಜಾಕ್ ಮಾಡೀನಿ. ಕಡೀಗಿ ನಿನ್ನ ಕಾಗದ ಅವನ ಕೈಯಾಗ ಕೊಟ್ಟೆ. ಅಂವಗ ಕನ್ನಡ ಓದಾಕ ತ್ರಾಸು, ಜೈತುನ್ಬೀ ಓದಿ ಹೇಳಿದಳು. ಆಮ್ಯಾಲ ಹೊಲದ. ಆದ್ರ ಕೊರಳಿಗಿ ಅಂಗಡಿ ಲೇಬಲ್ ಹಚ್ಚಲಿಲ್ಲ. "ಇದು ನನ್ನ ಕೈಯಂದು ಅಂತ ಯಾರಿಗೂ ಹೇಳಬ್ಯಾಡ ಮಾರಾಯ" ಅಂದ.

ಪಾರ್ಸೆಲ್ ಮಾಡೀನಿ. ನಿಮ್ಮ ಸರ್‌ಗ ಕೊಡು. ಯಾಕ ಅಂತ ಕೇಳಬ್ಯಾಡ, ನನಗ ಬರೂ ಭಾಷಾ ಇದೊಂದೇ.

ಮುತ್ಯಾ


ವಾಡಿ
11 ಮಾರ್ಚ್ 2022

ಅಂಗಿ ಬಂತು. ನಿನಗಿನ್ನೂ ಬುದ್ಧಿ ಬಂದಿಲ್ಲ.

ಶಿವಗಂಗಾ


ವಾಡಿ
9 ಏಪ್ರಿಲ್ 2022

ಮುತ್ಯಾ,

ಅಂಗಿಯನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದ್ದೆ. ಭಾಗ್ಯ ಬಂದು ತೆಗೆಸಿದಳು. "ಕೊಡೂದು ನಮ್ಮ ಕೆಲಸ. ಒಗೀತಾರೋ ತೊಡ್ತಾರೋ ಅವರ ಕೆಲಸ" ಎಂದಳು. "ದರ್ಜಿಗಿ ಕರೋನಾ ಅಂತ ಹಾಕಿದಾಕಿ ನಾನು. ನಾನೂ ಬರ್ತೀನಿ."

ಶಹಾಬಾದಿನಲ್ಲಿ ಅವರ ಪಾಲಿಶ್ ಶೆಡ್ಡು ಹುಡುಕಿಕೊಂಡು ಹೋದೆವು. ಮಷೀನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅಂಗಿ ಬಿಚ್ಚಿ ಹಿಡಿದೆ. ಕಿಸೆ ನೋಡಿದರು. ಈಗ ಬೈಯುತ್ತಾರೆ ಎಂದು ನಿಂತೆ. ಮಷೀನು ಬಂದ್ ಮಾಡಿಸಿದರು.

"ಯಾರು ಹೊಲಿಸ್ಯಾರ ಇದನ್ನ?"

"ನಮ್ಮ ಮುತ್ಯಾ ಸರ್. ಅಂವಗ ಬುದ್ಧಿ ಕಮ್ಮಿ ಅದ."

"ಬುದ್ಧಿ ಅದ. ಇದನ್ನ ಹಾಕ್ಕೊಂಡು ನಾ ಎಲ್ಲಿ ನಿಂದರಲಿ, ಈ ಕಲ್ಲಿನ ಮುಂದ? ಲ್ಯಾಬಿನ್ಯಾಗ ನಿಂದರಾಕಿ ನೀ. ನೀನೇ ಹಾಕ್ಕೋ."

ಅಂಗಿ ನನ್ನ ಕೈಗೇ ಬಂತು. ಆಮೇಲೆ ಒಂದು ಪಾಲಿಶ್ ಆಗದ ಫರ್ಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಬ್ಯೂರೆಟ್ಟು ಬರೆದರು. "ವಿಡಿಯೋದಾಗ ನಲ್ಲಿ ತಿರುವೂ ಕಿವಿ ಎಡಕ್ಕ ಕಾಣ್ತದ. ನಿಮ್ಮ ಸ್ಟ್ಯಾಂಡಿನ್ಯಾಗ ಬಲಕ್ಕದ. ಕೈ ವಿಡಿಯೋದ್ದು, ನಲ್ಲಿ ಲ್ಯಾಬಿಂದು. ಅದಕ್ಕ ಕಿತ್ತಿ ಬರ್ತದ. ಒಂದೋ ಕೈ ಬದಲ್ ಮಾಡ್ರಿ, ಇಲ್ಲಾ ಬ್ಯೂರೆಟ್ಟೇ ತಿರುವ್ರಿ. ಹನಿಗಿ ಎಡ ಬಲ ಗೊತ್ತಿಲ್ಲ." ಹೇಳಿ ಮುಗಿಸಿ, ಸುಣ್ಣದ ಕಡ್ಡಿ ಹಿಡಿದು ನಿಂತರು. "ಡೌಟ್ ಅದಾ? ಹೇಳ್ರಿ."

"ಅದ ಸರ್" ಎಂದಳು ಭಾಗ್ಯ.

"ನಂದೂ ಅದ ಸರ್" ಎಂದೆ.

ಅವರು ಒಮ್ಮೆ ಆ ಕಡೆ ತಿರುಗಿ ಮುಖದ ಹುಡಿ ಒರೆಸಿಕೊಂಡರು. ಆಮೇಲೆ ನಾವು ಕೇಳಿದ್ದಕ್ಕೆಲ್ಲ ಹೇಳಿಕೊಟ್ಟರು. ಶೆಡ್ಡಿನ ಮಾಲೀಕ ಬಂದು ಕೂಗುವವರೆಗೂ.

ನಿನ್ನೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಕೈ ಬದಲು ಮಾಡುವುದು ಕಷ್ಟವಿರಲಿಲ್ಲ ಮುತ್ಯಾ. ನನ್ನ ಬಲಗೈ ಎಡಗೈಗಿಂತ ಚುರುಕೇ. ಎಚ್‌ಓಡಿ ಹೇಳಿದಂತೆ ಮಾಡಿದ್ದರೆ ಸುಮ್ಮನೆ ಪಾಸಾಗುತ್ತಿದ್ದೆ. ಆದರೆ ಹಾಗೆ ಪಾಸಾದರೆ ಕಾಶೀನಾಥ ಸರ್ ತಪ್ಪು ಕಲಿಸಿದರು ಎಂದು ಎರಡನೆಯ ಸಲ ಸಹಿ ಹಾಕಿದಂತೆ. ಅದು ನನ್ನಿಂದಾಗಲಿಲ್ಲ.

ಚೂಡಿದಾರದ ಮೇಲೆ ಅಂಗಿ ತೊಟ್ಟೆ. ಕಿಸೆಗೆ ಪೆನ್ನು ಸಿಕ್ಕಿಸಿದೆ. ಬ್ಯೂರೆಟ್ಟನ್ನು ಪೂರಾ ತಿರುಗಿಸಿ ಕಟ್ಟಿದೆ, ನಲ್ಲಿಯ ಕಿವಿ ಎಡಕ್ಕೆ. ಬಲಗೈ ನಲ್ಲಿಗೆ, ಎಡಗೈ ಫ್ಲಾಸ್ಕಿಗೆ. ಅಂಕಿ ಆ ಕಡೆಗಾಯಿತು. ಪ್ರತಿ ಸಲ ಮೇಜು ಸುತ್ತಿ ಹೋಗಿ ಓದಿ ಬಂದೆ. ಭಾಗ್ಯ ನನ್ನನ್ನು ನೋಡಿ ತಾನೂ ತಿರುಗಿಸಿದಳು. ಆಮೇಲೆ ಹಿಂದಿನ ಮೇಜಿನವರು. ಲ್ಯಾಬಿನ ತುಂಬ ಕಬ್ಬಿಣದ ಹಿಡಿಕೆ ಬಿಚ್ಚುವ ಸದ್ದು.

"ಏ! ಏನ್ ನಾಟಕ ಇದು? ಕೈ ಬದಲ್ ಮಾಡು!" ಎಚ್‌ಓಡಿ ಓಡಿ ಬಂದರು.

"ಮಾಡೂದಿಲ್ರಿ."

"ಫೇಲ್ ಮಾಡ್ತೀನಿ."

"ಮಾಡ್ರಿ. ಪರೀಕ್ಷಾ ಇಲ್ಲದ ಪಾಸಾದ ಮಾಲು ನಾವು, ಪರೀಕ್ಷಾ ಕೊಟ್ಟು ಫೇಲ್ ಆಗೂದು ನೋಡೇ ಬಿಡೂಣು."

ಇಷ್ಟು ಜೋರಾಗಿ ನಾನು ಜೀವನದಲ್ಲಿ ಮಾತಾಡಿಲ್ಲ. ಫ್ಲಾಸ್ಕು ಮಾತ್ರ ಅಲ್ಲಾಡಿಸುತ್ತಲೇ ಇದ್ದೆ. ಹೊರಗಿನಿಂದ ಬಂದ ಎಕ್ಸಾಮಿನರ್ ಮೇಡಂ ಎದ್ದು ಬಂದರು. ನನ್ನ ಕೈ ನೋಡಿದರು, ಕಿಸೆ ನೋಡಿದರು. "ಇದೇನವಾ, ಅಂಗಿ ಉಲ್ಟಾ, ಕೈನೂ ಉಲ್ಟಾ?"

"ವಿಡಿಯೋದಾಗ ಹಿಂಗ ಕಂಡಿತ್ರಿ ಮೇಡಂ. ಕಲಿಸಿದವರು ಬರೋಬ್ಬರಿ ಕಲಿಸ್ಯಾರ, ಫೋನ್ ತಿರುವ್ಯದ. ಹೊರಗ ಯಾರೂ ಕಾಲಿಡದಾಗ ಅವರೊಬ್ಬರೇ ಈ ಲ್ಯಾಬಿಗಿ ಬಂದು ಕಲಿಸ್ಯಾರ್ರಿ."

"ಯಾರು ಕಲಿಸಿದವರು?"

"ಕಾಶೀನಾಥ ಸರ್" ಎಂದೆ. ಭಾಗ್ಯನೂ ಎಂದಳು. ಹಿಂದಿನ ಮೇಜು, ಕಿಟಕಿಯ ಮೇಜು, ಅರ್ಜಿಗೆ ಸಹಿ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಎಂದರು. ಆ ಬೇಸಿಗೆಯಲ್ಲಿ ಒಮ್ಮೆಯೂ ತೆರೆಯದ ಬಾಯಿಗಳು.

ಅಷ್ಟರಲ್ಲಿ ಆ ಹನಿ ಬಿತ್ತು. ಫ್ಲಾಸ್ಕಿನಲ್ಲಿ ಗುಲಾಬಿ. ಒಂದೇ ಒಂದು ಹನಿಗೆ, ತಿಳಿ ಗುಲಾಬಿ. ಮೇಡಂ ತಾವೇ ಮೇಜು ಸುತ್ತಿ ಹೋಗಿ, ಬಗ್ಗಿ ಅಂಕಿ ಓದಿದರು. ತಮ್ಮ ಚೀಟಿಯಲ್ಲಿದ್ದ ಉತ್ತರ ನೋಡಿದರು. "ಬರೋಬ್ಬರಿ ಅದ" ಎಂದರು. ಎಚ್‌ಓಡಿ ಕಡೆ ತಿರುಗಿ, "ಆ ಸರ್ ಎಲ್ಲಿದ್ದಾರ? ಯಾಕ ಕಾಣಾವಲ್ಲರು?" ಎಂದು ಕೇಳಿದರು. ಉತ್ತರ ನಾನೇ ಕೊಟ್ಟೆ. ಎಲ್ಲಿದ್ದಾರೆ, ಯಾಕೆ, ಅರ್ಜಿ ಬರೆದವಳು ಯಾರು, ಬರೆಸಿದವರು ಯಾರು, ಎಲ್ಲ.

ಮಾರ್ಕ್ಸ್ ಏನಾಗುತ್ತದೋ ಗೊತ್ತಿಲ್ಲ. ಅರ್ಧ ಎಚ್‌ಓಡಿ ಕೈಯಲ್ಲೇ ಇದೆ. ಸರ್ ಇವತ್ತೂ ಶೆಡ್ಡಿನಲ್ಲೇ ಇದ್ದಾರೆ. ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ, ಯಾರ ಮೇಲೂ, ನಿನ್ನ ಮೇಲೂ ಸ್ವಲ್ಪ. ಆದರೆ ಅಂಗಿ ಒಗೆದು ನೆರಳಿಗೆ ಹಾಕಿದ್ದೇನೆ. ಮೇಲೆ ಗುಲಾಬಿ ಹನಿ ಸಿಡಿದಿದೆ, ಹೋಗಲಿಲ್ಲ.

ಗಂಗಾ


ಚಿಂಚೋಳಿ ಕಡೀ ಗುಡ್ಡದಿಂದ
21 ಏಪ್ರಿಲ್ 2022

ಗಂಗವ್ವ,

ಈ ಸಲ ಕಟ್ಟಿಮ್ಯಾಲ ಓದೀನಿ. ಯಾರೂ ನಗಲಿಲ್ಲ.

ನಿಮ್ಮ ಸರ್ ತಿರುಗಿ ಲ್ಯಾಬಿಗಿ ಬರೂ ತನಾ ಸಿಟ್ಟು ಇಳಿಸಬ್ಯಾಡ. ನನ್ನ ಮ್ಯಾಲಿಂದೂ ಇರಲಿ.

ಗನಿಸಾಬ ಹೇಳ್ಯಾನ, ಆ ಅಂಗಿ ಒಮ್ಮಿ ಕಳಸಬೇಕಂತ. ಕೊರಳಿಗಿ ಅಂಗಡಿ ಲೇಬಲ್ ಹಚ್ಚಿ ಕೊಡ್ತಾನಂತ.

ನಿನ್ನ ಮುತ್ಯಾ